ಡಿಸ್‌ಪ್ಲೇ ಬರ್ತಿಲ್ಲ ಅಂದ್ರೆ ಫಾರ್ಮ್ಯಾಟೇ ಆಗ್ಬೇಕಾ?

“ಸಾರ್, ಕಂಪ್ಯೂಟರ್ ಆನ್ ಆಗತ್ತೆ, ಫ್ಯಾನ್ ತಿರುಗತ್ತೆ, ಡಿಸ್‌ಪ್ಲೇ ಮಾತ್ರ ಬರಲ್ಲ. ಅಂಗಡಿಯವರು ಫಾರ್ಮ್ಯಾಟ್ ಹೊಡೀಬೇಕು ಅಂತಾರೆ. ಹೊಡೆಸ್ಲಾ?” ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಇದರಷ್ಟು ಹಟಮಾರಿ ಪ್ರಶ್ನೆ ಇನ್ನೊಂದಿಲ್ಲ. ಊರು ಬದಲಾಗುತ್ತದೆ, ಕಂಪ್ಯೂಟರಿನ ವಯಸ್ಸು ಬದಲಾಗುತ್ತದೆ, ಕೊನೆಯ ಮಾತು ಮಾತ್ರ ಅದೇ. ಒಬ್ಬೊಬ್ಬರಿಗೂ ಬೇರೆಯಾಗಿ ಬರೆಯುವ ಬದಲು ಈ ವಾರ ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ: ಹೊಡೆಸಬೇಡಿ. ಕಡೇಪಕ್ಷ ಇವತ್ತೇ ಬೇಡ.

ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಪರದೆಯ ಮೇಲೆ ಕಂಪನಿಯ ಲೋಗೋ ಕೂಡ ಮೂಡದ ಕಂಪ್ಯೂಟರ್ ಇನ್ನೂ ಡಿಸ್ಕಿನ ತನಕ ಹೋಗಿಯೇ ಇರುವುದಿಲ್ಲ. ಹಾಗಿರುವಾಗ ಡಿಸ್ಕನ್ನು ತೊಳೆದು ಏನು ಬಂತು? ಆದರೂ ಫಾರ್ಮ್ಯಾಟ್ ಆದ ಮೇಲೆ ಎಷ್ಟೋ ಕಂಪ್ಯೂಟರ್‌ಗಳು ಸರಿಹೋಗಿ ಮನೆಗೆ ಬರುತ್ತವಲ್ಲ ಎಂದು ನೀವು ಕೇಳಬಹುದು. ಬರುತ್ತವೆ. ಅಂಗಡಿಯಲ್ಲಿ ಕ್ಯಾಬಿನೆಟ್ ಬಿಚ್ಚಿ, ಬ್ಲೋಅರ್ ಹಿಡಿದು ಧೂಳು ಹಾರಿಸಿ, ರ‍್ಯಾಮ್ ಕಿತ್ತು ಮತ್ತೆ ಕೂರಿಸಿದ್ದರಲ್ಲೇ ರೋಗ ವಾಸಿಯಾಗಿರುತ್ತದೆ. ಬಿಲ್ ಮಾತ್ರ ಫಾರ್ಮ್ಯಾಟಿನ ಹೆಸರಲ್ಲಿ. ಮಗಳ ಮದುವೆಯ ಫೋಟೋಗಳು ಹೋದದ್ದು ಅದರ ಮೇಲಿನ ಬಡ್ಡಿ.

ಕೇಳಬೇಕಾದದ್ದು ಒಂದೇ: ಕಂಪ್ಯೂಟರ್ ಎಲ್ಲಿಯವರೆಗೆ ಬಂದು ನಿಂತಿತು? ಸ್ವಿಚ್ ಒತ್ತಿದ ತಕ್ಷಣ ಏಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಚಿಪ್ ಒಂದರಲ್ಲಿ ಕೂತಿರುವ ಪುಟ್ಟ ತಂತ್ರಾಂಶ. 1981ರ ಐಬಿಎಂ ಪಿಸಿಯ ಕಾಲದಿಂದ ಅದು ಬಯಾಸ್. ಈಗಿನ ಯಂತ್ರಗಳಲ್ಲಿ ಅದರ ಜಾಗಕ್ಕೆ ಯುಇಎಫ್‌ಐ ಬಂದಿದೆ, ಆದರೆ ಎಲ್ಲರ ಬಾಯಲ್ಲೂ ಬಯಾಸೇ ಉಳಿದಿದೆ, ನಾನೂ ಹಾಗೇ ಬರೆಯುತ್ತೇನೆ. ಅದು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಎಲ್ಲ ನೆಟ್ಟಗಿದೆಯೇ ಎಂದು ನೋಡಿ, ಲೋಗೋ ತೋರಿಸಿ, ಬೂಟ್ ಆರ್ಡರಿನಲ್ಲಿ ಯಾವ ಡಿಸ್ಕಿನ ಹೆಸರು ಮೊದಲಿದೆಯೋ ಅದಕ್ಕೆ ಕೆಲಸ ಒಪ್ಪಿಸುತ್ತದೆ. ಅಲ್ಲಿಂದ ಮುಂದೆ ವಿಂಡೋಸ್, ಸುತ್ತುವ ಚುಕ್ಕಿಗಳು, ಕೊನೆಗೆ ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ವಹಿಸಿಕೊಂಡ ಮೇಲೆ ಲಾಗಿನ್ ಪುಟ. ಮನೆಯಲ್ಲಿ ಕರೆಂಟ್ ಹೋದರೆ ಯಾರೂ ಮೊದಲು ಬಲ್ಬ್ ಬಿಚ್ಚುವುದಿಲ್ಲ. ಪಕ್ಕದ ಮನೆಯಲ್ಲಿ ದೀಪ ಇದೆಯಾ ನೋಡಿ, ಆಮೇಲೆ ಎಂಸಿಬಿ, ಆಮೇಲೆ ಬಲ್ಬ್. ಇಲ್ಲೂ ಅದೇ ಕ್ರಮ. ಲೋಗೋವೇ ಬರಲಿಲ್ಲವೇ? ವಿಂಡೋಸನ್ನು ಬೈಯಬೇಡಿ, ಅದಿನ್ನೂ ಎದ್ದೇ ಇಲ್ಲ. ಲೋಗೋ ಬಂದು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಬೂಟ್ ಡಿವೈಸ್ ಇಲ್ಲವೆಂಬ ಸಾಲು ಕಂಡಿತೇ? ಗ್ರಾಫಿಕ್ಸ್ ಚೆನ್ನಾಗಿದೆ, ಡಿಸ್ಕು ಅಥವಾ ಸೆಟ್ಟಿಂಗ್ ನೋಡಿ. ಚುಕ್ಕಿಗಳು ಸುತ್ತಿ ಇನ್ನೇನು ಲಾಗಿನ್ ಬರಬೇಕು ಎನ್ನುವಾಗ ಕಪ್ಪಾಯಿತೇ? ಡ್ರೈವರ್ ಮೇಲೆ ಅನುಮಾನಪಡಿ. ಈಚಿನ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಸಣ್ಣ ದೀಪಗಳಿರುತ್ತವೆ. ಯಾವ ದೀಪ ಆರದೆ ನಿಂತಿತೋ ತೊಂದರೆ ಆ ಹಂತದ್ದು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಅದನ್ನು ನೋಡಲು ಯಾವ ಡಿಪ್ಲೊಮಾವೂ ಬೇಕಿಲ್ಲ.

ಬೂಟ್ ಡಿವೈಸ್ ಇಲ್ಲ ಎನ್ನುವ ದೂರಿಗೆ ಅತಿ ಅಗ್ಗದ ಕಾರಣ, ಯುಎಸ್‌ಬಿಯಲ್ಲಿ ಚುಚ್ಚಿ ಮರೆತ ಪೆನ್‌ಡ್ರೈವ್. ಕಿತ್ತು ಮತ್ತೆ ಆನ್ ಮಾಡಿ. ಅದಲ್ಲವೆಂದಾದರೆ, ಕಂಪ್ಯೂಟರಿಗೆ ನಾಲ್ಕೈದು ವರ್ಷ ದಾಟಿದ್ದರೆ, ನಾನು ಮೊದಲು ಕೇಳುವುದು ತಾರೀಕು ಸರಿ ತೋರಿಸುತ್ತಿತ್ತಾ ಎಂದು. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರುತ್ತದೆ: ಸಿಆರ್2032, 3 ವೋಲ್ಟಿನದು. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಇದರ ಕೆಲಸ; ಬಹಳಷ್ಟು ಬೋರ್ಡ್‌ಗಳಲ್ಲಿ ಬಯಾಸ್ ಸೆಟ್ಟಿಂಗ್‌ಗಳೂ ಇದರ ಬಲದಲ್ಲೇ ಉಳಿದಿರುತ್ತವೆ. ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಹೊತ್ತು ಸೆಲ್ಲಿಗೆ ವಿಶ್ರಾಂತಿ. ನಮ್ಮ ಮನೆಗಳಲ್ಲಿ ಹಾಗಲ್ಲ. ರಾತ್ರಿ ಮಲಗುವ ಮುನ್ನ ಗೋಡೆಯ ಸ್ವಿಚ್ಚೂ ಆಫ್ ಮಾಡಿದರೇ ಸಮಾಧಾನ, ಅದರ ಮೇಲೆ ಪವರ್ ಕಟ್. ಸಿಡಿಲಿನ ಕಾಲದಲ್ಲಿ ಮಲೆನಾಡಿನವರು ಪ್ಲಗ್ಗನ್ನೇ ಕಿತ್ತಿಡುತ್ತಾರೆ, ಅದು ಸರಿಯಾದದ್ದೇ. ಹಾಗಾಗಿ ಸೆಲ್ ಬೇಗ ಸವೆಯುತ್ತದೆ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆಂದು ತಂದ ಡೆಸ್ಕ್‌ಟಾಪ್‌ಗಳ ಸೆಲ್ಲಿಗೆ ಈಗ ಕೊನೆಗಾಲ.

ಅದು ಸಾಯುವ ಮುಂಚೆ ಸೂಚನೆ ಕೊಡುತ್ತದೆ. ಗಡಿಯಾರ ಹಿಂದೆ ಬೀಳುತ್ತದೆ, ಒಂದು ದಿನ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹಾರುತ್ತದೆ. ಪಹಣಿ ತೆಗೆಯೋಣ ಎಂದು ಹೋದರೆ ಬ್ರೌಸರ್ ಈ ತಾಣ ಸುರಕ್ಷಿತವಲ್ಲ ಎಂದು ಕೆಂಪು ಪುಟ ತೋರಿಸುತ್ತದೆ. ಬ್ಯಾಂಕ್, ಕರೆಂಟ್ ಬಿಲ್, ಎಲ್ಲದಕ್ಕೂ ಅದೇ ಹಾಡು. ತಾಣದ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ, ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದಿಲ್ಲ, ಅಷ್ಟೇ ವಿಷಯ. ಸೆಲ್ ಪೂರ್ತಿ ಹೋದ ದಿನ ಬಯಾಸ್ ತನ್ನ ಕಾರ್ಖಾನೆಯ ಸೆಟ್ಟಿಂಗಿಗೆ ಮರಳುತ್ತದೆ. ಬೂಟ್ ಆರ್ಡರ್ ಅದಲುಬದಲಾಗಬಹುದು. ಡಿಸ್ಕ್ ಓದುವ ರೀತಿ ಎಎಚ್‌ಸಿಐ ಇದ್ದದ್ದು ರೇಡ್ ಆಗಿಬಿಟ್ಟರೆ ವಿಂಡೋಸ್ ನೀಲಿ ಪರದೆ ತೋರಿಸಿ, ನನ್ನ ಡಿಸ್ಕೇ ನನಗೆ ಸಿಗುತ್ತಿಲ್ಲ ಎಂದು ಕೈಚೆಲ್ಲುತ್ತದೆ. ಡಿಸ್ಕ್ ಗಟ್ಟಿಯಾಗಿದೆ, ವಿಂಡೋಸ್ ಇದೆ, ಫೋಟೋಗಳು ಇವೆ. ಬದಲಾಗಿರುವುದು ಒಂದು ಸೆಟ್ಟಿಂಗ್. ಹೊಸ ಸೆಲ್ ಹಾಕಿ, ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿಯನ್ನು ತಟ್ಟುತ್ತಾ ಬಯಾಸಿಗೆ ಹೋಗಿ ಅದನ್ನು ಮೊದಲಿನಂತೆ ಮಾಡಿದರೆ ಮುಗಿಯಿತು. ಸೆಲ್ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಸೆಲ್ ತಾನಾಗಿ ಮಾಡುವ ಈ ಅವಾಂತರವನ್ನು ಈಗ ಜನ ತಾವೇ ಮಾಡಿಕೊಳ್ಳುತ್ತಿದ್ದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಸೆಕ್ಯೂರ್ ಬೂಟ್ ಬೇಕು ಎಂದಾಗ ಎಲ್ಲರೂ ವಿಡಿಯೋ ನೋಡಿ ಬಯಾಸಿಗೆ ಕೈಹಾಕಿದರು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಅವರಲ್ಲಿ ಒಬ್ಬರು. ವಿಡಿಯೋದಲ್ಲಿ ಹೇಳಿದಂತೆ ಸಿಎಸ್‌ಎಂ ಎಂಬುದನ್ನು ಡಿಸೇಬಲ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿದ್ದಾರೆ. ಕಂಪ್ಯೂಟರ್ ಆಫ್ ಆಗಿ ಆನ್ ಆಗಿದೆ, ಮಾನಿಟರ್ “ನೋ ಸಿಗ್ನಲ್” ಎಂದು ತೋರಿಸಿ ಮಲಗಿದೆ. ಸರ್ವೀಸಿನ ಹುಡುಗ ಬಂದು ನೋಡಿ, “ಅಂಕಲ್, ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೆದು ಇಲೆವೆನ್ನೇ ಹಾಕ್ಕೊಡ್ತೀನಿ” ಅಂದಿದ್ದಾನೆ.

ಮೇಷ್ಟ್ರು ನನ್ನನ್ನು ಕರೆದರು. ಕೀಬೋರ್ಡಿನ ನಮ್ ಲಾಕ್ ಒತ್ತಿದರೆ ಅದರ ದೀಪ ಹತ್ತಿ ಆರುತ್ತಿತ್ತು. ಅಂದರೆ ಯಂತ್ರ ಜೀವಂತವಾಗಿದೆ, ನಮಗೆ ಕಾಣಿಸುತ್ತಿಲ್ಲ ಅಷ್ಟೇ. “ಮೇಷ್ಟ್ರೇ, ಈ ಗ್ರಾಫಿಕ್ಸ್ ಕಾರ್ಡ್ ಯಾವಾಗಿನದು?” ಎಂದೆ. “ಮಗ ಪಿಯುಸಿಯಲ್ಲಿದ್ದಾಗ ಗೇಮ್ ಆಡೋಕೆ ಹಾಕಿಸಿದ್ದು ಕಣ್ರೀ, ಹದಿನೈದು ವರ್ಷದ ಹತ್ತತ್ರ ಆಯ್ತು” ಎಂದರು. ಗಂಟು ಅಲ್ಲೇ ಇತ್ತು. ಸಿಎಸ್‌ಎಂ ಎನ್ನುವುದು ಹೊಸ ಯುಇಎಫ್‌ಐ ಒಳಗೆ ಹಳೆಯ ಬಯಾಸಿನ ರೀತಿನೀತಿ ಉಳಿಸಿಕೊಳ್ಳುವ ಏರ್ಪಾಡು. ಅದನ್ನು ತೆಗೆದರೆ ಗ್ರಾಫಿಕ್ಸ್ ಕಾರ್ಡ್ ಯುಇಎಫ್‌ಐ ಜತೆ ನೇರವಾಗಿ ಮಾತಾಡಬೇಕು. ಅದಕ್ಕೆ ಕಾರ್ಡಿನ ಚಿಪ್ಪಿನಲ್ಲಿ ಜಿಒಪಿ ಎಂಬ ತುಣುಕು ಇರಬೇಕು. ಆ ಕಾಲದ ಬಹಳಷ್ಟು ಕಾರ್ಡ್‌ಗಳಲ್ಲಿ ಅದಿಲ್ಲ. ಹೀಗಾಗಿ ಬೂಟ್ ಸೆಟ್ಟಿಂಗಿನಲ್ಲಿ ಮುಟ್ಟಿದ ಒಂದು ಗುಂಡಿ ಪರದೆಯನ್ನೇ ನುಂಗಿತ್ತು, ಅದನ್ನು ವಾಪಸ್ ತಿರುಗಿಸೋಣವೆಂದರೆ ಬಯಾಸೂ ಕಾಣುತ್ತಿರಲಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಕಾರ್ಡ್ ಕಿತ್ತು, ಒಳಗೆ ಉಳಿದ ಕರೆಂಟ್ ಹೋಗಲೆಂದು ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದೆವು. ಸೆಲ್ಲಿನ ಪಕ್ಕದ ಕೊಂಡಿಯನ್ನು ಉಗುರಿನಿಂದ ಸರಿಸಿದರೆ ಅದು ತಾನೇ ಚಿಮ್ಮಿ ಬಂತು. ಮೇಷ್ಟ್ರ ಮನೆಯವರು ಕೊಟ್ಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬಿಟ್ಟು ಸೆಲ್ ಮತ್ತೆ ಕೂರಿಸಿದೆವು. ಬಯಾಸ್ ಎಲ್ಲ ಮರೆತು ಮೂಲ ಸ್ಥಿತಿಗೆ ಬಂದಿತ್ತು, ಲೋಗೋ ಬಂತು, ಹಿಂದೆಯೇ ವಿಂಡೋಸೂ ಬಂತು. ತಮಾಷೆಯೆಂದರೆ ಅವರದು ನಾಲ್ಕನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. ವಿಂಡೋಸ್ 11ರ ಪಟ್ಟಿ, ಬೆರಳೆಣಿಕೆಯ ಅಪವಾದ ಬಿಟ್ಟರೆ, ಶುರುವಾಗುವುದೇ ಎಂಟನೆಯದರಿಂದ. ಸಿಎಸ್‌ಎಂ ಮುಟ್ಟಿದರೂ ಮುಟ್ಟದಿದ್ದರೂ ಅವರಿಗೆ ಅದು ದಕ್ಕುತ್ತಿರಲಿಲ್ಲ.

ವಿಡಿಯೋ ಮಾಡುವವರು ಹೇಳದೆ ಬಿಡುವ ಇನ್ನೊಂದು ಸಂಗತಿ ಇದೆ. ಹಳೆಯ ವಿಂಡೋಸ್ ಡಿಸ್ಕುಗಳು ಎಂಬಿಆರ್ ಎಂಬ ಪದ್ಧತಿಯಲ್ಲಿ ವಿಭಾಗವಾಗಿರುತ್ತವೆ. ಯುಇಎಫ್‌ಐ ವಿಂಡೋಸ್ ಏಳಿಸಲು ಜಿಪಿಟಿ ಬೇಕು. ಮೊದಲು ಡಿಸ್ಕನ್ನು ಬದಲಾಯಿಸಿಕೊಂಡು ಆಮೇಲೆ ಸಿಎಸ್‌ಎಂ ತೆಗೆಯಬೇಕು, ತಿರುವುಮುರುವು ಮಾಡಿದರೆ ಬೂಟ್ ಆಗುವುದಿಲ್ಲ. ಡಿಸ್ಕ್ ಅಳಿಸದೆಯೇ ಬದಲಾಯಿಸುವ ಎಂಬಿಆರ್‌ಟುಜಿಪಿಟಿ ಎಂಬ ಸಾಧನ 2017ರಿಂದ ವಿಂಡೋಸಿನೊಳಗೇ ಇದೆ. ಬಯಾಸಿಗೆ ಕೈಹಾಕುವ ಮುನ್ನ ಎರಡು ಕೆಲಸ ಮಾಡಿ. ಪ್ರತಿ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡಿ; ಯಾವುದು ಮೊದಲು ಹೇಗಿತ್ತು ಎನ್ನುವುದು ಯಾರಿಗೂ ನೆನಪಿರುವುದಿಲ್ಲ. ಎರಡನೆಯದು ಬಿಟ್‌ಲಾಕರ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತೇ ಇಲ್ಲದಂತೆ ಡಿಸ್ಕಿಗೆ ಈ ಬೀಗ ಬಿದ್ದಿರುತ್ತದೆ. ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಬದಲಾದದ್ದು ಕಂಡರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಖಾತೆ ಯಾರ ಇಮೇಲಿನಲ್ಲಿದೆ? ಅಂಗಡಿಯವನೇ ಸೆಟಪ್ ಮಾಡುವಾಗ ತನ್ನದೊಂದು ಇಮೇಲ್ ಹಾಕಿಬಿಟ್ಟಿದ್ದರೆ ಫಜೀತಿ. ಇವತ್ತೇ ನೋಡಿಕೊಳ್ಳಿ, ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜತೆ ಇಡಿ.

ಇನ್ನು ಶುದ್ಧ ಡಿಸ್‌ಪ್ಲೇ ಸಮಸ್ಯೆಗಳು. ಗ್ರಾಫಿಕ್ಸ್ ಕಾರ್ಡ್ ಇರುವ ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಎಚ್‌ಡಿಎಂಐ ತೂತು ಎರಡು ಕಡೆ ಇರುತ್ತದೆ: ಮೇಲೆ ಮದರ್‌ಬೋರ್ಡಿನದು, ಕೆಳಗೆ ಅಡ್ಡಡ್ಡ ಇರುವುದು ಕಾರ್ಡಿನದು. ಮನೆ ಗುಡಿಸಲು, ಸುಣ್ಣಬಣ್ಣ ಮಾಡಲು ಕೇಬಲ್ ಕಿತ್ತವರು ವಾಪಸ್ ಚುಚ್ಚುವಾಗ ಕಣ್ಣಿಗೆ ಮೊದಲು ಬಿದ್ದ ಮೇಲಿನದಕ್ಕೇ ಚುಚ್ಚುತ್ತಾರೆ. ಇಂಟೆಲ್ ಪ್ರೊಸೆಸರಿನ ಹೆಸರು ಎಫ್ ಅಕ್ಷರದಲ್ಲಿ ಮುಗಿದಿದ್ದರೆ, ಉದಾಹರಣೆಗೆ ಐ5-12400ಎಫ್, ಅದರೊಳಗೆ ಗ್ರಾಫಿಕ್ಸೇ ಇಲ್ಲ. ಮೇಲಿನ ತೂತಿನಿಂದ ಎಂದೆಂದಿಗೂ ಏನೂ ಬರುವುದಿಲ್ಲ. ಕೇಬಲ್ ಸರಿಯಿದ್ದೂ ಲೋಗೋ ಇಲ್ಲವಾದರೆ ರ‍್ಯಾಮ್. ಪಟ್ಟಿಯನ್ನು ತೆಗೆದು, ಬಂಗಾರದ ಬಣ್ಣದ ತುದಿಯನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಎರಡೂ ತುದಿ ಟಕ್ ಎನ್ನುವಂತೆ ಕೂರಿಸುವುದು ನಮ್ಮ ರಿಪೇರಿಯವರ ಪ್ರಾಚೀನ ವಿದ್ಯೆ. ಎಷ್ಟೋ ಸಲ ಕೆಲಸ ಮಾಡುತ್ತದೆ, ಕರಾವಳಿಯ ತೇವದಲ್ಲಂತೂ ಸರಿಯೇ. ಮುಟ್ಟುವ ಮೊದಲು ಪ್ಲಗ್ ಕಿತ್ತಿರಬೇಕು. ಮೈಯ ಸ್ಥಾಯೀ ವಿದ್ಯುತ್ ಹೋಗಲೆಂದು ಕ್ಯಾಬಿನೆಟ್ಟಿನ ಬರಿ ಲೋಹವನ್ನೊಮ್ಮೆ ಮುಟ್ಟಿ.

ಪರದೆ ಬರುತ್ತದೆ, ಆದರೆ ಗೆರೆ ಗೆರೆ, ಚೌಕಳಿ ಚೌಕಳಿ, ಅಥವಾ ಮಿಣುಕು ಎನ್ನುವವರಿಗೆ ಒಂದು ಪರೀಕ್ಷೆ: ಬಯಾಸ್ ಪುಟ ತೆರೆದು ಹತ್ತು ನಿಮಿಷ ಸುಮ್ಮನೆ ಬಿಡಿ. ಅಲ್ಲೂ ಗೆರೆ ಇದ್ದರೆ ಅದು ಕಾರ್ಡು, ಕೇಬಲ್ಲು ಅಥವಾ ಮಾನಿಟರ್. ವಿಂಡೋಸಿನಲ್ಲಿ ಏನು ಮಾಡಿದರೂ ಹೋಗದು. ಕೇಬಲ್ ಬದಲಿಸಿ ನೋಡಿ, ಮಾನಿಟರಿನ ಬದಲು ಟಿವಿಗೆ ಹಾಕಿ ನೋಡಿ, ಉಳಿದದ್ದೇ ಕಳ್ಳ. ಬಯಾಸ್ ಶುದ್ಧವಾಗಿದ್ದು ವಿಂಡೋಸಿನಲ್ಲಿ ಮಾತ್ರ ಕುಣಿತ ಎಂದರೆ ಹೆಚ್ಚಾಗಿ ಡ್ರೈವರ್. ಆಟ ಆಡುವಾಗ ಪರದೆ ಒಮ್ಮೆ ಕಪ್ಪಾಗಿ ವಾಪಸ್ ಬರುವುದನ್ನು ನೋಡಿರಬಹುದು. ಗ್ರಾಫಿಕ್ಸ್ ಚಿಪ್ಪು 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ತಾನೇ ರೀಸೆಟ್ ಮಾಡುತ್ತದೆ, ವಿಸ್ಟಾ ಕಾಲದಿಂದಲೂ ಇರುವ ವ್ಯವಸ್ಥೆ. ಅಪರೂಪಕ್ಕೊಮ್ಮೆ ಆದರೆ ಬಿಟ್ಟುಬಿಡಿ. ಪದೇ ಪದೇ ಆದರೆ ಡ್ರೈವರ್, ಶಾಖ, ಎಸ್‌ಎಂಪಿಎಸ್ ಮೂರನ್ನೂ ನೋಡಬೇಕು. ಪರದೆ ಕಪ್ಪಾಗಿಯೇ ಉಳಿದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ಬಿ ಒತ್ತಿ. ಒಂದು ಬೀಪ್ ಕೇಳಿ ಡ್ರೈವರ್ ಮತ್ತೆ ಶುರುವಾಗುತ್ತದೆ.

ಅಷ್ಟಕ್ಕೂ ಬರದಿದ್ದರೆ ಸೇಫ್ ಮೋಡ್. ಲಾಗಿನ್ ಪುಟದವರೆಗೆ ಬಂದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ. ಅಲ್ಲಿಯವರೆಗೂ ಬರದಿದ್ದರೆ ಚುಕ್ಕಿ ಸುತ್ತುವಾಗ ಪವರ್ ಬಟನ್ ಒತ್ತಿ ಆಫ್ ಮಾಡಿ, ಹೀಗೆ ಎರಡು ಮೂರು ಸಲ. ಏನೋ ಎಡವಟ್ಟಾಗಿದೆ ಎಂದು ವಿಂಡೋಸಿಗೇ ಹೊಳೆದು ರಿಪೇರಿ ಪುಟ ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂದು ಇಳಿಯುತ್ತಾ ಹೋದರೆ ಅಂಕಿ ಹಾಕಿದ ಪಟ್ಟಿ ಬರುತ್ತದೆ. 3 ಒತ್ತಿದರೆ ಕಡಿಮೆ ರೆಸಲ್ಯೂಷನ್ನಿನ ಪರದೆ, 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಕಂಪನಿಯ ಡ್ರೈವರ್ ಇರುವುದಿಲ್ಲ, ವಿಂಡೋಸಿನ ಸಾದಾ ಡ್ರೈವರ್ ಮಾತ್ರ. ಎಲ್ಲ ದಪ್ಪ ದಪ್ಪ ಕಾಣುತ್ತದೆ, ಗಾಬರಿ ಬೇಡ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ತೆರೆದು ರೋಲ್ ಬ್ಯಾಕ್ ಕೊಟ್ಟರೆ ಹಿಂದಿನ ಡ್ರೈವರ್ ಬರುತ್ತದೆ. ಆ ಗುಂಡಿ ಮಸುಕಾಗಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್. ಜೊತೆಗೆ ಉಬುಂಟು ಹಾಕಿಕೊಂಡಿರುವ ಹುಡುಗರಿಗೆ ಇದೇ ತೊಂದರೆ ಬಂದರೆ ಗ್ರಬ್ ಪಟ್ಟಿಯಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂಬ ಪದ ಸೇರಿಸಿದರೆ ಒಳಗೆ ಹೋಗುವಷ್ಟು ದಾರಿ ಸಿಗುತ್ತದೆ.

ಸೇಫ್ ಮೋಡ್ ಮನೆಮದ್ದು ಎಂದು ಮೂಗು ಮುರಿಯುವವರು 2024ರ ಜುಲೈ 19 ನೆನಪಿಸಿಕೊಳ್ಳಬೇಕು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಂಥ ದೊಡ್ಡ ಸಂಸ್ಥೆಗಳ ತಂತ್ರಜ್ಞರೂ ಆ ದಿನ ಮಾಡಿದ್ದು ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಿದ್ದು. ಬಿಟ್‌ಲಾಕರ್ ಇದ್ದ ಕಡೆ ಅದೇ 48 ಅಂಕಿಗಾಗಿ ಹುಡುಕಾಡಿದ್ದು.

ಒಂದೆರಡು ಪುಡಿ ಮಾತು. ಎಂಎಸ್‌ಕಾನ್ಫಿಗ್ ತೆರೆದು ಬೂಟ್ ವಿಭಾಗದಲ್ಲಿ ಪ್ರೊಸೆಸರ್ ಸಂಖ್ಯೆ, ಮ್ಯಾಕ್ಸಿಮಮ್ ಮೆಮೊರಿ ಎರಡಕ್ಕೂ ಟಿಕ್ ಹಾಕಿದರೆ ಕಂಪ್ಯೂಟರ್ ಓಡುತ್ತದೆ ಎಂಬ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ಅವು ಇರುವುದು ಪರೀಕ್ಷೆಗಾಗಿ ಮಿತಿ ಹಾಕಲು. ಟಿಕ್ ಇಲ್ಲದಿದ್ದರೆ ವಿಂಡೋಸ್ ಹೇಗೂ ಎಲ್ಲವನ್ನೂ ಬಳಸುತ್ತದೆ. ಟಿಕ್ ಹಾಕಿ ಅಂಕಿ ತಪ್ಪಿದರೆ ಇರುವ ರ‍್ಯಾಮೂ ಕೈತಪ್ಪುತ್ತದೆ. ಇನ್ನೊಂದು, ಶಟ್‌ಡೌನ್ ಕೊಟ್ಟು ಮತ್ತೆ ಆನ್ ಮಾಡಿದರೂ ಅದೇ ತೊಂದರೆ ಎನ್ನುವವರು ರೀಸ್ಟಾರ್ಟ್ ಮಾಡಿ ನೋಡಿರುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಇದೆ. ಅದು ಆನ್ ಇದ್ದರೆ ಶಟ್‌ಡೌನಿನಲ್ಲಿ ವಿಂಡೋಸಿನ ಒಳಭಾಗ, ಡ್ರೈವರ್‌ಗಳ ಸಮೇತ, ಡಿಸ್ಕಿಗೆ ಹೋಗಿ ನಿದ್ದೆ ಮಾಡುತ್ತದೆ. ಬೆಳಿಗ್ಗೆ ಅದೇ ಕೆಟ್ಟ ಸ್ಥಿತಿಯಲ್ಲಿ ಏಳುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟಿನಲ್ಲೇ.

ಇಷ್ಟೆಲ್ಲ ಆದರೂ ಬಯಾಸ್ ಪುಟದಲ್ಲೇ ಚೌಕಳಿ ಬೀಳುತ್ತಿದ್ದರೆ ಕಾರ್ಡ್ ಹೋಗಿದೆ. ಓವನ್ನಿನಲ್ಲಿ ಬೇಯಿಸಿದರೆ ಬದುಕುತ್ತದೆ ಎನ್ನುವ ವಿಡಿಯೋಗಳಿವೆ; ಬೇಯಿಸಬೇಡಿ, ಆ ಓವನ್ನಿನಲ್ಲಿ ಆಮೇಲೆ ಅಡುಗೆ ಮಾಡಬೇಕಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕುವವರಿಗೆ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋಕರೆನ್ಸಿ ಗ್ರಾಫಿಕ್ಸ್ ಕಾರ್ಡಿನಿಂದ ಮಾಡುವ ಗಣಿಗಾರಿಕೆಯ ಪದ್ಧತಿಯನ್ನೇ ಕೈಬಿಟ್ಟ ಮೇಲೆ, ಅದಕ್ಕಾಗಿ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಜಗತ್ತಿನೆಲ್ಲೆಡೆ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೇನಲ್ಲ, ಆದರೆ ಡಬ್ಬಿ ನೋಡಿ ದುಡ್ಡು ಕೊಡಬೇಡಿ. ಅಂಗಡಿಯಲ್ಲೇ ಬೋರ್ಡಿಗೆ ಹಾಕಿಸಿ, ಮೊದಲು ಬಯಾಸ್ ಪುಟ ತೋರಿಸಲು ಹೇಳಿ, ಆಮೇಲೆ ಭಾರಿ ಗ್ರಾಫಿಕ್ಸಿನ ಯಾವುದಾದರೊಂದು ಆಟವನ್ನು ಕಾಲು ಗಂಟೆ ಓಡಿಸಲು ಹೇಳಿ. ನಿಮ್ಮ ಮನೆಯ ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು, ಆ ಕಾರ್ಡಿಗೆ ಬೇಕಾದ ಪಿನ್ನಿನ ತಂತಿ ಅದರಲ್ಲಿದೆಯಾ ಎಂಬುದರ ಫೋಟೋ ಜೇಬಿನಲ್ಲಿರಲಿ. ಅದಿಲ್ಲದೆ ಹೋದವರು ಮಾರನೆಯ ದಿನ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.